ಹಬ್ಬ ಕಳೆದ ಮೇಲಿನ ಉಪವಾಸ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ
ಮೇ 17, ಶನಿವಾರ

ನನ್ನ ಮೋನು ಹಾಶಿಮನಿಗೆ,

ನಿನ್ನ ಉಮ್ಮ ಆಮಿನಳ ಸಲಾಂ. ಐದನೇ ಕ್ಲಾಸಿನಲ್ಲಿ ಟೀಚರು ಪತ್ರ ಬರೆಯಲು ಕಲಿಸಿದಾಗ, ಮೊದಲು ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಬರೆಯಬೇಕು ಎಂದಿದ್ದರು. ಆ ಸಾಲನ್ನು ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ, ಮತ್ತೆ ಹೊಡೆದು ಹಾಕಿದೆ. ನೀನು ಆಸ್ಪತ್ರೆಯ ಕೈದಿಗಳ ವಾರ್ಡಿನಲ್ಲಿ ಎಚ್ಚರವಿಲ್ಲದೆ ಮಲಗಿರುವಾಗ ನಿನ್ನ ಕ್ಷೇಮವನ್ನು ನಾನು ಯಾರ ಹತ್ತಿರ ಕೇಳಲಿ? ಆ ಮೇಲಿನ ಕರಿ ಗೀಟು ಅದೇ. ಶಾಯಿ ಚೆಲ್ಲಿದ್ದಲ್ಲ.

ಎಚ್ಚರವಿಲ್ಲದವರಿಗೂ ಕಿವಿ ಕೇಳುತ್ತದಂತೆ. ನಾನು ಕೆಲಸಕ್ಕಿರುವ ಮನೆಯ ಮೇಡಂ ಹೇಳಿದರು. ಅದಕ್ಕೇ ಈ ಪತ್ರವನ್ನು ನಿನ್ನ ತಂಗಿ ಜಸೀನಾ ಕಿವಿಯ ಹತ್ತಿರ ಗಟ್ಟಿಯಾಗಿ ಓದಲಿ. ಅವಳಿಗೆ ಓದುವಾಗ ನುಂಗುವ ಅಭ್ಯಾಸ ಉಂಟು, ನಿಧಾನ ಓದು ಎಂದು ಹೇಳಿದ್ದೇನೆ. ಬಲಕಿವಿಗೆ ಓದಬೇಕು. ಎಡಕಿವಿ ಸಣ್ಣದಿರುವಾಗಲೇ ಸೋರಿ ಸೋರಿ ಮಂದ ಆದದ್ದು. ಅದನ್ನು ಡಾಕ್ಟರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ.

ಬ್ಯಾರಿ ಮಾತಿನಲ್ಲಿ ಬರೆದಿದ್ದರೆ ನನಗೂ ಸಲೀಸು, ನಿನಗೂ ಕೇಳಲು ಹಿತ. ಆದರೆ ಪೃಥ್ವಿರಾಜ್ ವಕೀಲರು ಬೇಡ ಎಂದರು. ಕೈದಿಗೆ ಬರುವ ಕಾಗದವನ್ನು ಜೈಲಿನವರು ಮೊದಲು ಓದುತ್ತಾರಂತೆ. ಅರ್ಥವಾಗದಿದ್ದರೆ ಇಟ್ಟುಕೊಳ್ಳುತ್ತಾರಂತೆ. ಹಾಗಾಗಿ ಇದು ಶಾಲೆಯ ಕನ್ನಡ. ಐದನೇ ಕ್ಲಾಸಿಗೆ ಬಿಟ್ಟು ಬೀಡಿ ಕಟ್ಟಲು ಕೂತವಳ ಕನ್ನಡ. ಮೊದಲು ಓದುವ ಸಾರ್, ತಪ್ಪಿದ್ದರೆ ನೀವು ತಿದ್ದಿಕೊಂಡು ಓದಿ, ನಿಲ್ಲಿಸಿಕೊಳ್ಳಬೇಡಿ. ಇದರಲ್ಲಿ ಸರಕಾರಕ್ಕೆ ವಿರೋಧ ಏನೂ ಇಲ್ಲ. ಒಬ್ಬಳು ತಾಯಿ ಅಷ್ಟೇ.

ನಾನು ಯಾಕೆ ಬರಲಿಲ್ಲ ಎಂದು ನಿನಗೆ ಅನಿಸುತ್ತಿರಬಹುದು. ಬರುವುದಕ್ಕೆ ಆಗುವುದಿಲ್ಲ ಮೋನು. ನನ್ನ ವೀಸಾ ಹಳೆಯ ಮನೆಯವರಿಂದ ಈ ಮೇಡಂ ಹೆಸರಿಗೆ ಬದಲಾಗುತ್ತಾ ಉಂಟು. ಅರ್ಧದಲ್ಲಿ ಬಿಟ್ಟು ಹೊರಟರೆ ಎರಡೂ ಕಡೆಗೆ ಇಲ್ಲದಂತೆ ಆಗುತ್ತದೆ ಎಂದು ವೀಸಾ ಕಾಗದ ಮಾಡಿಕೊಡುವ ಟೈಪಿಂಗ್ ಸೆಂಟರಿನ ಮಲಬಾರಿ ಹೇಳಿದ. ಅದು ಹಾಳಾಗಿ ಹೋಗಲಿ ಎಂದು ಹೊರಟೇಬಿಟ್ಟಿದ್ದೆ. ಆಗ ವಕೀಲರು, "ಬಂದು ಎಂತ ಮಾಡ್ತೀರಿ ಆಮಿನಮ್ಮ? ವಾರ್ಡಿಗೆ ಒಬ್ಬರಿಗೆ ಮಾತ್ರ ಪರ್ಮಿಶನ್ ಕೊಟ್ಟದ್ದು, ಅದು ಜಸೀನಾಳ ಹೆಸರಿಗೆ ಉಂಟು. ನೀವು ಗೇಟಿನ ಹೊರಗೆ ಚಪ್ಪಲಿ ಕಾಯ್ತಾ ಕೂತ್ಕೊಳ್ಬೇಕಷ್ಟೆ. ಫೋನ್ ಸಿಗುವಲ್ಲಿ ಇರಿ, ಅದೇ ಉಪಕಾರ" ಎಂದರು. ಚಪ್ಪಲಿ ಕಾಯುತ್ತಾ ಕೂತರೂ ನಿನಗೆ ಹತ್ತಿರ ಆಗುತ್ತಿತ್ತಲ್ಲ ಎಂದು ಆಮೇಲೆ ಅನಿಸಿತು. ಅಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು.

ಈಗ ಒಂದು ಸಂಗತಿ ಹೇಳಬೇಕು. ಇದನ್ನು ಹೇಳದೆ ಮುಂದಿನದು ಯಾವುದೂ ನಿನಗೆ ಸರಿಯಾಗಿ ತಿಳಿಯುವುದಿಲ್ಲ.

ರಂಝಾನ್ ಪೆರ್ನಾಲಿನ ಮರುದಿನ ಜಸೀನಾ ತುಪ್ಪ ಹಾಕಿದ ನೆಯ್ಚೋರು, ಕೋಳಿ ಸಾರು ಕಟ್ಟಿಕೊಂಡು ಘಟ್ಟ ಹತ್ತಿ ನಿನ್ನ ಜೈಲಿಗೆ ಬಂದಳಲ್ಲ, ನೀನು ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸು ಕೊಟ್ಟೆಯಂತೆ. ಅವಳು ನನಗೆ ಅಷ್ಟೇ ಹೇಳಿದಳು. ಅವಳ ಎದುರು ವಾರ್ಡರ್ ಇದ್ದ, ನೀನೂ ಹೆಚ್ಚು ಮಾತಾಡಲಿಲ್ಲವಂತೆ. ನಾನು ಏನು ಎಣಿಸಿದೆ ಗೊತ್ತಾ? ಹಬ್ಬದ ಮರುದಿನದಿಂದ ಇಡುವ ಆರು ನೋಂಬು ಉಂಟಲ್ಲ, ಹಾಶಿಮ್ ಅದನ್ನು ಹಿಡಿದಿದ್ದಾನೆ ಎಂದು ಎಣಿಸಿದೆ. ರಂಝಾನಿನ ಉಪವಾಸ ಎಲ್ಲರೂ ಇಡುತ್ತಾರೆ, ಆ ಆರನ್ನು ಇಡುವವರು ಎಷ್ಟು ಜನ? ಊರಿನಲ್ಲಿ ಸುಬಹಿ ನಮಾಜಿಗೆ ಎಬ್ಬಿಸಿದರೆ ಚಾದರ ಎಳೆದುಕೊಳ್ಳುತ್ತಿದ್ದ ನನ್ನ ಮಗ ಜೈಲಿಗೆ ಹೋಗಿ ದೀನಿನ ದಾರಿ ಹಿಡಿದ ಎಂದು ಖುಷಿಪಟ್ಟೆ. ಶಾಬಿಯಾದಲ್ಲಿ ಗ್ರೋಸರಿ ಇಟ್ಟಿರುವ ನಮ್ಮೂರಿನ ಇಲ್ಯಾಸನಿಗೆ ಫೋನ್ ಮಾಡಿ ಹೇಳಿದೆ. ಅವನು ಮಾಶಾ ಅಲ್ಲಾಹ್ ಎಂದ. ನಾಲ್ಕು ಜನರ ಎದುರು ಎದೆ ಉಬ್ಬಿಸಿಕೊಂಡು ತಿರುಗಿದೆ.

ಆಮೇಲೆ ನಿನ್ನ ಫೋನು ಬಂತು. ಅದೇ ಕಡೆಯ ಫೋನು. ಜೈಲಿನ ಫೋನು ಊರಿನ ನಂಬರಿಗೆ ಮಾತ್ರ ಬರುತ್ತದೆ ಎಂದು ಜಸೀನಾ ಒಂದು ಫೋನಿನಲ್ಲಿ ನಿನ್ನನ್ನೂ ಇನ್ನೊಂದರಲ್ಲಿ ಇಲ್ಲಿಗೆ ಮಾತಾಡುವ ಬೋಟಿಮ್ ಆ್ಯಪಿನಲ್ಲಿ ನನ್ನನ್ನೂ ಹಿಡಿದು, ಎರಡನ್ನೂ ಬಾಯಿಗೆ ಬಾಯಿ ಇಟ್ಟು ನಿಲ್ಲಿಸಿದ್ದಳು. ನಿನ್ನ ಮಾತು ಚೆನ್ನಾಗಿಯೇ ಕೇಳಿಸಿತು. ನಾವು ಕೆಲವರು ಒಟ್ಟಿಗೆ ಊಟ ಬಿಟ್ಟಿದ್ದೇವೆ ಉಮ್ಮ ಎಂದೆ ನೀನು. ಗೊತ್ತು ಮೋನು, ನೆಯ್ಚೋರು ವಾಪಸು ಬಂದಾಗಲೇ ಗೊತ್ತಾಯಿತು ಎಂದೆ ನಾನು. ಯಾರು ಬಂದು ನಿನ್ನ ಕಾಲು ಹಿಡಿದರೂ ನಡುವಿನಲ್ಲಿ ನಿಲ್ಲಿಸು ಅಂತ ನೀನು ಹೇಳಬಾರದು ಎಂದೆ ನೀನು. ನಾನು ನಕ್ಕೆ. ನಾನ್ಯಾಕೆ ನಿಲ್ಲಿಸಲಿ, ಇಂಥದ್ದನ್ನು ಯಾವ ಉಮ್ಮ ನಿಲ್ಲಿಸುತ್ತಾಳೆ ಎಂದೆ. ಆಣೆ ಹಾಕು ಎಂದೆ ನೀನು. ಅಲ್ಲಾಹನಾಣೆ, ನಿಲ್ಲಿಸುವುದಿಲ್ಲ ಎಂದೆ. ನೀನು ಹೀಗೆ ಹೇಳುತ್ತೀ ಎಂದು ನಾನು ಎಣಿಸಿಯೇ ಇರಲಿಲ್ಲ ಉಮ್ಮ ಎಂದೆ ನೀನು. ಬಿಡಬೇಡ, ಪೂರ್ತಿ ಮಾಡು ಎಂದು ಇನ್ನೂ ಸೇರಿಸಿದೆ ನಾನು.

ಆರು ದಿನ ಕಳೆದು, ಇನ್ನೂ ವಾರ ಕಳೆದರೂ ನೀನು ಊಟ ಮುಟ್ಟಲಿಲ್ಲ ಎಂದು ಜಸೀನಾ ಅಳುತ್ತಾ ಹೇಳಿದಾಗ ನನಗೆ ತಲೆಗೆ ಹೋಯಿತು. ಅಷ್ಟರಲ್ಲಿ ನಿಮ್ಮೆಲ್ಲರ ಫೋನೂ ಬಂದ್, ಭೇಟಿಯೂ ಬಂದ್. ನನ್ನದು ತಪ್ಪು ತಿಳುವಳಿಕೆ ಎಂದು ನಿನಗೆ ಹೇಳಲು ಒಂದು ದಾರಿ ಇರಲಿಲ್ಲ. ಉಮ್ಮ ಎಲ್ಲ ಗೊತ್ತಿದ್ದೇ ಒಪ್ಪಿದ್ದಾಳೆ ಎಂದು ನೀನು ಆ ಸಿಮೆಂಟು ಕಟ್ಟೆಯ ಮೇಲೆ ಧೈರ್ಯವಾಗಿ ಮಲಗಿದ್ದೆಯಲ್ಲ, ಅದನ್ನು ನೆನೆಸಿ ರಾತ್ರಿ ಎದ್ದು ಕೂರುತ್ತೇನೆ.

ಯಾಕೆ ಊಟ ಬಿಟ್ಟಿದ್ದೀರಿ ಎಂದು ವಕೀಲರು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ಯಾರಾದರೂ ಕೇಳಿದರೆ ತಡವರಿಸಬಾರದಲ್ಲ. ಹೊಳೆಗೆ ಕೊಳಕು ನೀರು ಬಿಡುವ ಫ್ಯಾಕ್ಟರಿಯ ಎದುರು ಮೆರವಣಿಗೆ ಹೋದದ್ದು. ನನ್ನ ಮಗ ಮೈಕ್ ಹಿಡಿದದ್ದು ಮಾತ್ರ. ಕಲ್ಲು ಹೊಡೆದವರು ಯಾರೋ, ಜೀಪಿನ ಗಾಜು ಒಡೆದದ್ದಕ್ಕೆ ಕೇಸು ಇವರ ಮೇಲೆ. ಎರಡು ವರ್ಷ ಆಯಿತು, ವಿಚಾರಣೆ ಶುರುವಾಗಿಲ್ಲ. ಈಗ ಜೈಲಿನಲ್ಲಿ ಏನೋ ಗಲಾಟೆ ಆಯಿತು ಎಂದು ಇವರಿಗೂ ಶಿಕ್ಷೆ ಆದವರ ಬಿಳಿ ಬಟ್ಟೆ ಹಾಕಿಸಿದರು. ನಾವು ಶಿಕ್ಷೆ ಆದವರಲ್ಲ, ನಮ್ಮ ಬಟ್ಟೆ ನಮಗೆ ಕೊಡಿ ಎಂದು ಇವರು ಊಟ ಬಿಟ್ಟರು. ಇಷ್ಟು.

ಇದನ್ನು ಮೊದಲು ಕಜೆತಾನನಿಗೆ ಹೇಳಿದೆ. ಅವನು ಇಲ್ಲಿಯ ಶಾಲೆಯ ವ್ಯಾನ್ ಓಡಿಸುವವನು, ಕಲ್ಯಾಣಪುರದ ಕಡೆಯವನು, ಬಾಯಿ ಜೋರು. "ಎಂತ ಆಮಿನಕ್ಕ, ನಿಮ್ಮ ಮಗ ಗಾಂಧಿ ಆಗ್ಲಿಕ್ಕೆ ಹೊರಟದ್ದಾ? ನಾನು ನಮ್ಮ ದೊಡ್ಡ ಉಪವಾಸದಲ್ಲಿ ಮಾಂಸ ಬಿಟ್ಟರೆ ಮೂರನೇ ದಿವಸಕ್ಕೇ ಹೆಂಡತಿಗೆ ಫೋನ್ ಮಾಡಿ ಬೈಲಿಕ್ಕೆ ಶುರು ಮಾರ್ರೆ" ಎಂದು ನಗಾಡಿದ. ನಾನು ನಗಲಿಲ್ಲ. ಅವನು ವ್ಯಾನಿನ ಎಂಜಿನ್ ಬಂದ್ ಮಾಡಿ, "ಬಟ್ಟೆಗಾ? ಬರೇ ಬಟ್ಟೆಗಾ?" ಎಂದು ಕೇಳಿದ. ಬಟ್ಟೆಗೇ ಎಂದೆ. "ಹಾಕಿಕೊಂಡ್ರೆ ಎಂತ ಆಗ್ತದೆ ಆಮಿನಕ್ಕ? ಒಳಗಿರುವ ಮನುಷ್ಯ ಅವನೇ ಅಲ್ವಾ?" ಎಂದ. ನನಗೂ ಅದೇ ಪ್ರಶ್ನೆ. ಆದರೂ ನನ್ನ ಮಗನನ್ನು ಬಿಟ್ಟುಕೊಡಲಿಲ್ಲ. ನಿನಗೆ ಗೊತ್ತಾಗುವುದಿಲ್ಲ ಹೋಗು, ಎಂದೆ. ಅಂದಿನಿಂದ ಅವನು ಇಗರ್ಜಿಯಲ್ಲಿ ನಿನ್ನ ಹೆಸರಿಗೆ ಮೊಂಬತ್ತಿ ಹಚ್ಚುತ್ತಿದ್ದಾನೆ. ನೀನು ಬೇಸರ ಮಾಡಿಕೊಳ್ಳಬೇಡ, ಒಳ್ಳೆಯ ಮನಸ್ಸಿನಲ್ಲಿ ಮಾಡುವುದು.

ಬಟ್ಟೆಯ ವಿಷಯ ಆಮೇಲೆ ತುಂಬ ಯೋಚಿಸಿದೆ. ಮೊದಲು ಕೆಲಸಕ್ಕಿದ್ದ ಹಮ್ದಾನ್ ಸ್ಟ್ರೀಟಿನ ಮನೆಯಲ್ಲಿ ನನಗೆ ಯೂನಿಫಾರ್ಮ್ ಇತ್ತು ಎಂದು ನಿನಗೆ ಹೇಳಿರಲಿಲ್ಲ. ಗುಲಾಬಿ ಬಣ್ಣ, ಬಿಳಿ ಕಾಲರ್, ಕಿಸೆಗೆ ಗುಂಡಿ. ಅದು ಹಾಕಿಕೊಂಡು ಲಿಫ್ಟಿನ ಹತ್ತಿರ ನಿಂತರೆ ವಾಚ್‌ಮನ್ ಬಾಯಿ ತೆರೆಯುವುದಿಲ್ಲ, ಹಿಂದಿನ ಸಾಮಾನಿನ ಲಿಫ್ಟಿನ ಕಡೆಗೆ ಬೆರಳು ತೋರಿಸುತ್ತಾನೆ. ನಾನು ಹೋಗುತ್ತಿದ್ದೆ. ಊಟ ಬಿಡುವುದಾಗಲಿ, ಯಾಕೆ ಎಂದು ಕೇಳುವುದಾಗಲಿ ಮನಸ್ಸಿಗೆ ಬರಲಿಲ್ಲ. ನಿನಗೆ ಫೋಟೋ ಕಳಿಸುವಾಗ ಮಾತ್ರ ಅದನ್ನು ಬಿಚ್ಚಿ ಚೂಡಿದಾರ ಹಾಕಿ ತೆಗೆಸಿಕೊಳ್ಳುತ್ತಿದ್ದೆ. ಈ ಮನೆಗೆ ಬಂದ ದಿನ ಮೇಡಂ, ನಿನ್ನ ಬಟ್ಟೆ ನೀನು ಹಾಕು ಆಮಿನಾ, ಇದು ಮನೆ ಎಂದರು. ಮರುದಿನ ಹಸಿರು ಚೂಡಿದಾರ ಇಸ್ತ್ರಿ ಮಾಡಿ ಹಾಕಿ ಮೇಡಂ ಅವರ ಮಗುವನ್ನು ಎತ್ತಿಕೊಂಡು ಹೊರಗೆ ಹೋದೆ. ಪಕ್ಕದ ವಿಲ್ಲಾದವಳು ನನಗೆ ಸಲಾಂ ಹೇಳಿದಳು. ನನಗೆ! ಇಷ್ಟು ವರ್ಷದಲ್ಲಿ ಯಾರೂ ಮೊದಲಾಗಿ ಹೇಳಿದ್ದಿಲ್ಲ. ಹಾಗಾಗಿ ನಿನ್ನದು ಪೂರ್ತಿ ಹುಚ್ಚು ಎಂದು ನಾನು ಹೇಳುವುದಿಲ್ಲ. ಅರ್ಧ ನನಗೆ ಅರ್ಥವಾಗುತ್ತದೆ. ಇನ್ನರ್ಧಕ್ಕೆ ನನ್ನಲ್ಲಿ ಓದು ಇಲ್ಲ.

ವಕೀಲರೂ ನಿನ್ನದೇ ಸರಿ ಎನ್ನುತ್ತಾರೆ. "ಕಾನೂನಿನಲ್ಲಿ ಅವನದ್ದು ನೂರಕ್ಕೆ ನೂರು ಸರಿ ಉಂಟು ಆಮಿನಮ್ಮ. ಆದ್ರೆ ಕೋರ್ಟಿಗೆ ಬೇಸಿಗೆ ರಜೆ. ಅರ್ಜಿ ರಜೆ ಮುಗಿದ ಮೇಲೆ ಬರ್ತದೆ" ಎಂದರು. ಅಷ್ಟು ದಿನ ತಡೆಯುತ್ತಾನಾ ಎಂದು ಕೇಳಿದೆ. "ಅದು ನನ್ನ ಸಬ್ಜೆಕ್ಟ್ ಅಲ್ಲ" ಎಂದರು ಪಾಪ. ಒಂದು ಕಡೆ ರಜೆ, ಒಂದು ಕಡೆ ನೀನು. ಇಬ್ಬರಿಗೂ ನನ್ನ ಮಾತು ಕೇಳುವುದಿಲ್ಲ.

ನಿನ್ನ ಜೊತೆಯ ಪ್ರಿಯನ್ ಈಗ ಗಂಜಿ ಕುಡಿಯುತ್ತಿದ್ದಾನಂತೆ. ಭೇಟಿ ಬಂದ್ ಮಾಡುವುದಕ್ಕೆ ಮುಂಚಿನ ದಿನ ಅವನ ಅಮ್ಮ ಬಂದು ಜಾಲರಿಗೆ ತಲೆ ಚಚ್ಚಿಕೊಂಡಳಂತೆ. ಅವನು ನೋಡಲಾರದೆ ಬಿಟ್ಟನಂತೆ. ಅದನ್ನು ಕೇಳಿ ನನಗೆ ಸಂತೋಷ ಆಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ತಲೆ ಚಚ್ಚಿಕೊಳ್ಳಲು ಅವಳಿಗೆ ಒಂದು ಜಾಲರಿಯಾದರೂ ಸಿಕ್ಕಿತು.

ಮೇಡಂ ವಿಷಯ ಹೇಳಬೇಕು. ಅವರ ಹೆಸರು ಶಿವೋನ್. ಮೊದಲು ಕೇಳಿದಾಗ ನಮ್ಮ ಕಡೆಯ ಹಿಂದೂಗಳೋ ಎಂದುಕೊಂಡಿದ್ದೆ. ಬಾಗಿಲು ತೆಗೆದರೆ ಕೆಂಪು ಕೂದಲಿನವರು. ಐರ್ಲೆಂಡ್ ಎಂಬ ದೇಶದವರು, ಇಲ್ಲಿ ಶಾಲೆಯಲ್ಲಿ ಟೀಚರು. ಬುಧವಾರ ಅವರು ಶಾಲೆಯಿಂದ ಬರುವಾಗ ನಾನು ಬಟಾಟೆ ಸಿಪ್ಪೆ ತೆಗೆಯುತ್ತಿದ್ದೆ. ನಾಲ್ಕು ಬೇಕಾಗಿದ್ದದ್ದು, ಇಡೀ ಚೀಲ ಮುಗಿಸಿದ್ದೆ. ನನಗೆ ತಿಳಿಯಲೇ ಇಲ್ಲ. ಮೇಡಂ ನೋಡಿ, ಏನು ಆಮಿನಾ, ಪಟಾಲಮ್ಮಿಗೆ ಅಡುಗೆಯಾ ಎಂದು ತಮಾಷೆ ಮಾಡಿದರು. ನಾನು ಅಳಲು ಶುರು ಮಾಡಿದೆ. ನನ್ನ ಮಗ ಜೈಲಿನಲ್ಲಿ ಊಟ ಬಿಟ್ಟಿದ್ದಾನೆ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

ಇಲ್ಲಿಯವರೆಗೆ ಯಾರಿಗೆ ಹೇಳಿದರೂ ಯಾಕೆ, ಹುಚ್ಚಾ ಎಂದು ಕೇಳುವವರೇ. ಮೇಡಂ ಹಾಗೆ ಕೇಳಲಿಲ್ಲ. ಅವನು ಏನು ಕೇಳುತ್ತಿದ್ದಾನೆ ಎಂದರು. ಅವನ ಸ್ವಂತ ಬಟ್ಟೆ ಎಂದೆ. ಅವರು ಹೆಗಲಿನ ಚೀಲ ಕೂಡ ಇಳಿಸದೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು.

ಅವರು ಹುಟ್ಟುವುದಕ್ಕೆ ಮೊದಲು ಅವರ ದೇಶದಲ್ಲಿ ಹೀಗೆಯೇ ಆಗಿತ್ತಂತೆ. ಸರಕಾರದ ವಿರುದ್ಧ ನಿಂತು ಜೈಲಿಗೆ ಹೋದವರು, ನಾವು ಕಳ್ಳರಲ್ಲ, ಕಳ್ಳರ ಬಟ್ಟೆ ಹಾಕುವುದಿಲ್ಲ ಎಂದರಂತೆ. ಬರೀ ಮೈಗೆ ಕಂಬಳಿ ಸುತ್ತಿಕೊಂಡು ವರ್ಷಗಟ್ಟಲೆ ಕೂತರಂತೆ. ಕಡೆಗೆ ಊಟ ಬಿಟ್ಟರು. ಒಬ್ಬರ ಹಿಂದೆ ಒಬ್ಬರು, ಹತ್ತು ಮಂದಿ ತೀರಿಹೋದರು. ಬ್ರಿಟಿಷ್ ಸರಕಾರ ಎಂದು ಹೇಳಿದಾಗ, ಇಂಗ್ಲಿಷಿನವರು ಇಂಗ್ಲಿಷಿನವರನ್ನೇ ಹಾಗೆ ಮಾಡಿದರಾ ಮೇಡಂ ಎಂದು ಕೇಳಿದೆ. ನಾವು ಇಂಗ್ಲಿಷಿನವರಲ್ಲ ಆಮಿನಾ ಎಂದರು, ಸ್ವಲ್ಪ ಗಟ್ಟಿಯಾಗಿಯೇ. ಅಳುವಿನ ನಡುವೆಯೂ ನಾನು ಸಾರಿ ಹೇಳಬೇಕಾಯಿತು.

ಊಟ ಬಿಟ್ಟವರಲ್ಲಿ ಮೇಡಂ ಅವರ ಸೋದರಮಾವನೂ ಇದ್ದನಂತೆ. ನಿನ್ನ ಪ್ರಾಯದವನು. ಅವನೂ ತನ್ನ ತಾಯಿಯ ಹತ್ತಿರ, ಎಂದರೆ ಮೇಡಂ ಅವರ ಅಜ್ಜಿಯ ಹತ್ತಿರ, ಮಾತು ತೆಗೆದುಕೊಂಡಿದ್ದನಂತೆ. ಎಚ್ಚರ ತಪ್ಪಿದ ಮೇಲೆ ನನಗೆ ತಿನ್ನಿಸಲು ಬಿಡಬೇಡ ಎಂದು. ಮನೆಗೆ ಪಾದ್ರಿಗಳು ಬಂದರು, ಪಾರ್ಟಿಯವರು ಬಂದರು, ಪೇಪರಿನವರು ಬಂದು ಬಾಗಿಲಲ್ಲಿ ನಿಂತರು. ಅಜ್ಜಿ ಎಲ್ಲರಿಗೂ ಚಾ ಮಾಡಿ ಕೊಟ್ಟಳಂತೆ. ಅವನಿಗೆ ಮೊದಲು ಕಣ್ಣು ಹೋಯಿತು, ಆಮೇಲೆ ಎಚ್ಚರ ಹೋಯಿತು. ಆಗ ಅಜ್ಜಿ ತಿನ್ನಿಸಿ ಎಂದುಬಿಟ್ಟಳು.

ಅವನು ಬದುಕಿದ. ಜೈಲಿನಿಂದ ಹೊರಗೆ ಬಂದ ಮೇಲೆ ಪ್ರತಿ ಭಾನುವಾರ ತಾಯಿಯ ಮನೆಗೆ ಊಟಕ್ಕೆ ಬರುತ್ತಿದ್ದನಂತೆ. ಅವಳ ಜೊತೆ ಒಂದು ಮಾತೂ ಇಲ್ಲ. ಬಂದು ಕೂರುವುದು, ತಿನ್ನುವುದು, ಎದ್ದು ಹೋಗುವುದು. ಮೇಡಂ ಸಣ್ಣದಿರುವಾಗ, ಮಾವ ಮೂಗನಾ ಅಜ್ಜಿ ಎಂದು ಕೇಳಿದರಂತೆ. ಅಜ್ಜಿ ನಕ್ಕು, ಮೂಗ ಎಲ್ಲಿ, ಅವನ ಬಾಯಿ ಚೆನ್ನಾಗಿಯೇ ಉಂಟು, ಎರಡನೇ ಸಲ ಬಡಿಸಿಕೊಳ್ಳುವುದು ಕಾಣುವುದಿಲ್ಲವಾ ಎಂದಳಂತೆ. ಮೇಡಂ ಅವರ ಅಮ್ಮ ಮಾತ್ರ ಅಣ್ಣನ ಕಡೆಗೆ. ಕೊಟ್ಟ ಮಾತು ಉಳಿಸಿಕೊಂಡ ಬೇರೆ ತಾಯಂದಿರು ಮಕ್ಕಳನ್ನು ಕಳೆದುಕೊಂಡರು, ನೀನು ನಮ್ಮ ಮುಖಕ್ಕೆ ಮಸಿ ಬಳಿದೆ ಎಂದು ಅಜ್ಜಿಗೆ ಹೇಳುತ್ತಿದ್ದರಂತೆ. ಹೀಗೆ ಒಂದೇ ಮೇಜಿಗೆ ಎರಡು ಕಡೆ.

ಕಡೆಗೆ ಅವನು ತಾಯಿಯ ಜೊತೆ ಮಾತಾಡಿದನಾ ಮೇಡಂ ಎಂದು ಕೇಳಿದೆ. ಅವರು ಎದ್ದು ಮಗುವಿನ ಬಾಟ್ಲಿ ತೊಳೆಯಲು ಹೋದರು. ಅದು ನಾನು ಆಗಲೇ ತೊಳೆದಿಟ್ಟದ್ದು.

ಹಾಗಾದರೆ ನಾನು ಏನು ಮಾಡಲಿ, ನೀವೇ ಹೇಳಿ ಎಂದೆ. ನಾನು ಹೇಳುವುದಿಲ್ಲ ಆಮಿನಾ, ನನಗೆ ಆ ಇಬ್ಬರೂ ಬೇಕಿತ್ತು ಎಂದರು. ನನ್ನ ಕೈ ಹಿಡಿದುಕೊಂಡರು. ಅವರ ಕೈ ಒದ್ದೆ ಇತ್ತು. ನನಗೆ ಸಿಟ್ಟು ಬಂತು ಮೋನು. ಇಷ್ಟು ಓದಿದವರು, ಇಷ್ಟು ಕಂಡವರು, ಹೀಗೆ ಮಾಡು ಎಂದು ಒಂದು ಮಾತು ಹೇಳಿದ್ದರೆ ನಾಳೆ ಅವರ ಮೇಲೆ ಹಾಕಿಬಿಡಬಹುದಿತ್ತು. ಯಾರೂ ಆ ಮಾತು ಹೇಳುವುದಿಲ್ಲ. ಇಲ್ಯಾಸನ ಮೂಲಕ ಶಾಬಿಯಾದ ಮಸೀದಿಯ ಉಸ್ತಾದರನ್ನೂ ಕೇಳಿಸಿದೆ. ಆಣೆಯ ವಿಷಯ ಅವರು ಹೇಳಿದರು, ಆದರೆ ಮಗನ ವಿಷಯ ತಾಯಿಗೆ ಬಿಟ್ಟದ್ದು ಎಂದರಂತೆ. ಎಲ್ಲರೂ ತಾಯಿಗೆ ಬಿಟ್ಟದ್ದು ಎನ್ನುತ್ತಾರೆ. ಬೇರೆ ಯಾವುದಕ್ಕೂ ಈ ತಾಯಿಯನ್ನು ಯಾರೂ ಕೇಳಿದ್ದಿಲ್ಲ. ನಿನ್ನ ಉಪ್ಪ ತೀರಿಹೋದಾಗ ಮನೆ ಯಾರ ಹೆಸರಿಗೆ ಮಾಡುವುದು ಎಂದೂ ಕೇಳಲಿಲ್ಲ.

ಗುರುವಾರ ಆಸ್ಪತ್ರೆಯಿಂದ ಬೋಟಿಮ್ ಬಂತು. ಜಸೀನಾ ಫೋನ್ ಹಿಡಿದಿದ್ದಳು, ಒಬ್ಬಳು ಡಾಕ್ಟರ್ ಮಾತಾಡಿದಳು. ಘಟ್ಟದ ಮೇಲಿನ ಮಾತು. "ನೋಡಿಯಮ್ಮ, ನಿಮ್ಮ ಹುಡುಗ ಪೈಪಲ್ಲಿ ಊಟ ಕೊಡಬಾರದು ಅಂತ ಬರೆದುಕೊಟ್ಟಿದಾನೆ. ಎಚ್ಚರ ಇದ್ದಾಗ ನಾವು ಬಲವಂತ ಮಾಡಲಿಲ್ಲ. ಈಗ ಎಚ್ಚರ ಇಲ್ಲ. ಮನೆಯವರು ಹೂಂ ಅಂದ್ರೆ ಕೊಡ್ತೀವಿ. ನಿಮ್ಮ ಮಗಳು ನಮ್ಮುಮ್ಮನೇ ಹೇಳಬೇಕು ಅಂತಾಳೆ. ಬೇಗ ಹೇಳಿ, ತಡ ಆದ್ರೆ ಆಮೇಲೆ ನೀವು ಹೇಳಿದ್ರೂ ಪ್ರಯೋಜನ ಇರಲ್ಲ" ಎಂದಳು. ಅಣ್ಣನ ಮುಖ ತೋರಿಸು ಎಂದೆ. ಜಸೀನಾ ಫೋನ್ ತಿರುಗಿಸಿದಳು. ಕೆನ್ನೆಯ ಮೂಳೆ ಕಂಡಿತು. ಕಾಲಿಗೆ ಸರಪಳಿ ಕಂಡಿತು. ಏಳಲು ಆಗದವನಿಗೆ ಸರಪಳಿ ಯಾಕೆ, ಅದನ್ನು ತೆಗೆಯಿರಿ ಎಂದೆ. ಅದು ಪೊಲೀಸಿನವರದು, ನಮ್ಮದಲ್ಲ ಎಂದಳು ಡಾಕ್ಟರ್. ಅಷ್ಟರಲ್ಲಿ ಬೋಟಿಮ್ ಕಟ್ ಆಯಿತು. ಇಲ್ಲಿ ಅದು ಹಾಗೆ ಕಟ್ ಆಗುತ್ತಲೇ ಇರುತ್ತದೆ.

ಹಾಗಾಗಿ ನಾನು ಇನ್ನೂ ಯೋಚನೆ ಮಾಡುತ್ತಾ ಇದ್ದೇನೆ ಎಂದು ಇಟ್ಟುಕೋ. ನೀನು ಕೇಳುತ್ತಿದ್ದರೆ ಕೇಳು. ಆಣೆ ಹಾಕಿದ್ದು ನಿಜ. ಆದರೆ ನಾನು ಆಣೆ ಹಾಕಿದ್ದು ಸಂಜೆ ಖರ್ಜೂರ ತಿಂದು ಬಿಡುವ ಉಪವಾಸಕ್ಕೆ. ಬಿಡುವ ಹೊತ್ತೇ ಇಲ್ಲದ ಉಪವಾಸಕ್ಕಲ್ಲ. ಜೈಲಿನವರು ಕೇಳಲಿ ಎಂದು ನೀನು ಊಟ ಬಿಟ್ಟೆ. ಅವರಿಗೆ ಕೇಳಿಸಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನನಗಂತೂ ಕೇಳಿಸಿದೆ, ಆದರೆ ನನ್ನ ಕೈಯಲ್ಲಿ ನಿನಗೆ ಕೊಡಲು ನಿನ್ನ ಅಂಗಿ ಪ್ಯಾಂಟು ಇಲ್ಲ. ಅದು ಜೈಲಿನ ಗೋಡೌನಿನಲ್ಲಿ ಗಂಟು ಕಟ್ಟಿ ಇಟ್ಟಿದ್ದಾರಂತೆ. ನಿನ್ನ ನೀಲಿ ಚೌಕಳಿ ಅಂಗಿ ಅದರಲ್ಲಿದ್ದರೆ ಜಿರಲೆ ತಿನ್ನದಿರಲಿ, ಒಂದು ಡಾಂಬರು ಗುಳಿಗೆ ಹಾಕಿಡಿ ಎಂದು ವಕೀಲರಿಗೆ ಹೇಳಿಸಿದ್ದೇನೆ.

ಇಲ್ಯಾಸನಿಗೆ ಇಂದು ಸಂಜೆ ಊರಿಗೆ ಫ್ಲೈಟು, ಈ ಪತ್ರ ಅವನ ಕೈಯಲ್ಲಿ ಬರುತ್ತದೆ. ಕಜೆತಾನ್ ವ್ಯಾನ್ ತಂದು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅವನಿಗೆ ತಾಳ್ಮೆ ಎಂಬುದು ಇಲ್ಲ. ಜಸೀನಾ, ಓದಿದ ಮೇಲೆ ಅಣ್ಣನ ತುಟಿಗೆ ಹತ್ತಿಯಲ್ಲಿ ನೀರು ಒರಸು. ಒಡೆದು ಹೋಗಿತ್ತು, ಫೋನಿನಲ್ಲಿ ಕಂಡೆ. ಹಾಶಿಮ್, ಅಲ್ಲಾಹನು ನಿನ್ನನ್ನು ನೋಡಿಕೊಳ್ಳಲಿ. ನನಗೆ ನೋಡಿಕೊಳ್ಳಲು ಆಗುತ್ತಿಲ್ಲ.

ನಿನ್ನನ್ನು ಹೆತ್ತ,
ಉಮ್ಮ ಆಮಿನ

ಮತ್ತೆ ಬರೆಯುವುದು: ಜಸೀನಾ ಇದನ್ನು ಗಟ್ಟಿಯಾಗಿ ಓದಬಾರದು. ಮಡಚಿ ಇಡಲಿ. ಹಾಶಿಮ್, ಎಚ್ಚರ ಬಂದು ಕಣ್ಣು ತೆರೆದ ಮೇಲೆ ಇದನ್ನು ನೀನೇ ಓದು.

ಬೋಟಿಮ್ ಕಟ್ ಆಗಿರಲಿಲ್ಲ. ಡಾಕ್ಟರ್ ಕೇಳಿದ ಕೂಡಲೇ ನಾನು ಹೂಂ ಎಂದೆ. ಅವಳ ಮಾತು ಮುಗಿಯಲೂ ಬಿಡಲಿಲ್ಲ. ಸರಪಳಿಯ ವಿಷಯ ಕೇಳಿದ್ದು ಆಮೇಲೆ. ಇಷ್ಟುದ್ದ ಬರೆಯುವಾಗಲೂ ಅದನ್ನು ಬರೆಯಲು ಕೈ ಬರಲಿಲ್ಲ.

ಆಣೆ ಮುರಿದರೆ ಹತ್ತು ಮಂದಿ ಬಡವರಿಗೆ ಊಟ ಹಾಕಬೇಕು ಎಂದು ಉಸ್ತಾದರು ಹೇಳಿದರು. ನಿನ್ನೆ ಜುಮಾ ಆದ ಮೇಲೆ ನೆಯ್ಚೋರು ಮಾಡಿ ಹತ್ತು ಡಬ್ಬಿ ಕಟ್ಟಿ, ಹಿಂದಿನ ಬೀದಿಯಲ್ಲಿ ಕಟ್ಟಡದ ಕೆಲಸ ಮಾಡುವವರಿಗೆ ಕೊಟ್ಟೆ. ಅವರಲ್ಲೊಬ್ಬ ಬಿಹಾರಿ, "ಕಿಸ್ ಖುಶಿ ಮೇ, ಅಮ್ಮಾ?" ಎಂದು ಕೇಳಿದ. ಏನು ಖುಷಿ ಎಂದು ಹೇಳಲಿ? ಮಗನಿಗೆ ಮೋಸ ಮಾಡಿದೆ, ಅದಕ್ಕೆ ಎನ್ನಲೇ? ತಿನ್ನಪ್ಪಾ ಎಂದೆ. ಬಿಸಿಲಿನಲ್ಲಿ ನಿಂತೇ ತಿಂದರು. ಅವರು ತಿಂದು ಮುಗಿಸುವವರೆಗೆ ನಾನು ಅಲ್ಲಿಂದ ಬರಲಿಲ್ಲ.

ನೀನು ಸಿಟ್ಟು ಮಾಡು. ಎಷ್ಟು ವರ್ಷ ಬೇಕೋ ಅಷ್ಟು ವರ್ಷ ಮಾಡು. ನಾನು ತಪ್ಪು ಮಾಡಲಿಲ್ಲ ಎಂದು ವಾದ ಮಾಡಲು ಬರುವುದಿಲ್ಲ. ಆದರೆ ಮೂಗಿಗೆ ಹಾಕಿದ ಪೈಪನ್ನು ಸಿಟ್ಟಿನಲ್ಲಿ ಕೈಯಿಂದ ಎಳೆಯಬೇಡ ಮೋನು. ಒಳಗೆ ಗಾಯ ಆಗುತ್ತದಂತೆ. ನರ್ಸನ್ನು ಕರೆ, ಅವಳು ನಿಧಾನವಾಗಿ ತೆಗೆಯುತ್ತಾಳೆ.